ವೋಲಾಪ್ಯೂಕ್ ಕಟ್ಟಿದ ಪಾದ್ರಿ

ಯೋಹಾನ್ ಮಾರ್ಟಿನ್ ಶ್ಲೈಯರ್ (1831–1912) ಜರ್ಮನಿಯ ಕ್ಯಾಥೊಲಿಕ್ ಪಾದ್ರಿ. ತಾಯ್ನುಡಿಯ ಜತೆಗೆ ಎಲ್ಲ ದೇಶದವರಿಗೂ ಬರುವ ಇನ್ನೊಂದು ಭಾಷೆ ಇರಲಿ ಎಂದು ವೋಲಾಪ್ಯೂಕ್ ಎಂಬ ನುಡಿಯನ್ನು ಒಬ್ಬರೇ ಕೂತು ಕಟ್ಟಿದವರು. ಇಂಥದೇ ಇನ್ನೊಂದು ಕಟ್ಟಿದ ಭಾಷೆ ಎಸ್ಪೆರಾಂಟೊದ ಹೆಸರು ಕೇಳಿದ ಕನ್ನಡಿಗರು ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಅದಕ್ಕೂ ಮೊದಲು ಯುರೋಪನ್ನು ಹತ್ತು ವರ್ಷ ಮರುಳು ಮಾಡಿದ ಈ ಭಾಷೆಯ ಸುದ್ದಿ ಎತ್ತುವವರಿಲ್ಲ. ವ್ಯಾಕರಣ ಕಠಿಣವಾಗಿದ್ದರಿಂದ ಅದು ಉಳಿಯಲಿಲ್ಲ ಎಂಬುದು ರೂಢಿಯ ಮಾತು. ಕನ್ನಡ ಬಲ್ಲವರು ಆ ವ್ಯಾಕರಣವನ್ನೊಮ್ಮೆ ತಿರುವಿದರೆ ಈ ಮಾತನ್ನು ಅಷ್ಟು ಸಲೀಸಾಗಿ ಒಪ್ಪಲಾರರು.

ಸೆರೆಮನೆ, ಸರೋವರ, ನಿದ್ದೆಯಿಲ್ಲದ ರಾತ್ರಿ

ಶ್ಲೈಯರ್ ಹುಟ್ಟಿದ್ದು 1831ರ ಜುಲೈ 18ರಂದು, ಬಾಡೆನ್ ಸೀಮೆಯ ಓಬರ್‌ಲೌಡಾದಲ್ಲಿ. ಫ್ರೈಬುರ್ಗ್‌ನಲ್ಲಿ ದೇವಶಾಸ್ತ್ರ ಓದಿ 1856ರಲ್ಲಿ ಗುರುದೀಕ್ಷೆ ಪಡೆದರು. ಮುಂದೆ ಜರ್ಮನಿಯಲ್ಲಿ ಸರ್ಕಾರಕ್ಕೂ ಕ್ಯಾಥೊಲಿಕ್ ಚರ್ಚಿಗೂ ಜಟಾಪಟಿ ನಡೆಯಿತು. ಪ್ರವಚನದಲ್ಲಿ ಆಡಿದ ಮಾತಿಗಾಗಿ ಅವರು ಕೆಲ ತಿಂಗಳು ಸೆರೆಮನೆಯಲ್ಲಿ ಕಳೆಯಬೇಕಾಯಿತು. 1875ರಿಂದ ಕಾನ್‌ಸ್ಟನ್ಸ್ ಸರೋವರದ ದಂಡೆಯ ಲಿಟ್ಸೆಲ್‌ಸ್ಟೆಟನ್ ಎಂಬ ಸಣ್ಣ ಊರೇ ಅವರ ಠಿಕಾಣಿ. ಸಂಗೀತ ಬಲ್ಲವರು, ಕವಿ. ಕ್ಯಾಥೊಲಿಕ್ ಕಾವ್ಯಕ್ಕೆಂದೇ ಒಂದು ಪತ್ರಿಕೆಯನ್ನೂ ನಡೆಸುತ್ತಿದ್ದರು.

ಊರಿನ ರೈತನೊಬ್ಬ ಅಮೆರಿಕದಲ್ಲಿದ್ದ ಮಗನಿಗೆ ಬರೆದ ಕಾಗದ, ವಿಳಾಸ ಅಲ್ಲಿನ ಅಂಚೆಯವರಿಗೆ ಓದಲು ಬಾರದೆ ಹಿಂದಿರುಗಿತು ಎಂಬ ಕಥೆಯಿದೆ. ಅದರಿಂದಲೇ ಶ್ಲೈಯರ್ ಮೊದಲು ಎಲ್ಲರಿಗೂ ಒಗ್ಗುವ ಲಿಪಿಯೊಂದಕ್ಕೆ ಕೈಹಾಕಿದರು. 1879ರ ಮಾರ್ಚ್ ಕೊನೆಯ ರಾತ್ರಿ ನಿದ್ದೆ ಹತ್ತದೆ ಹೊರಳಾಡುತ್ತಿದ್ದಾಗ ಲೋಕಭಾಷೆ ಕಟ್ಟೆಂದು ದೇವರೇ ಸೂಚಿಸಿದ ಎಂದು ಅವರು ನಂಬಿದರು. ಅದೇ ವರ್ಷ ತಮ್ಮ ಪತ್ರಿಕೆಯಲ್ಲಿ ಕರಡು, 1880ರಲ್ಲಿ ಪೂರ್ಣ ಪುಸ್ತಕ. ದೇವರೇ ಕೊಟ್ಟದ್ದೆಂಬ ಈ ನಂಬಿಕೆ ಮುಂದೆ ದುಬಾರಿಯಾಯಿತು.

ಕನ್ನಡದ ಕಿವಿಗೆ ಹೊಂದುವ ವ್ಯಾಕರಣ

‘ಡೊಮ್’ ಎಂದರೆ ಮನೆ. ಡೊಮಾ ಎಂದರೆ ಮನೆಯ, ಡೊಮೆ ಎಂದರೆ ಮನೆಗೆ, ಡೊಮಿ ಎಂದರೆ ಮನೆಯನ್ನು. ಪ್ರಕೃತಿಗೆ ಪ್ರತ್ಯಯ ಅಂಟಿಸುವ ಈ ಬಗೆಯನ್ನು ನಮ್ಮ ಮಕ್ಕಳು ವಿಭಕ್ತಿ ಪಟ್ಟಿಯಲ್ಲಿ ಬಾಯಿಪಾಠ ಮಾಡುತ್ತಾರೆ. ಕ್ರಿಯಾಪದವೂ ಹಾಗೆಯೇ: ಬಿನೊಬ್ ಎಂದರೆ ಇದ್ದೇನೆ, ಬಿನೊಮ್ ಇದ್ದಾನೆ, ಬಿನೊಫ್ ಇದ್ದಾಳೆ. ಕಾಲ ಮಾತ್ರ ಮುಂದುಗಡೆ ಸೇರುತ್ತದೆ. ಒಬಿನೊಬ್ ಎಂದರೆ ಇರುತ್ತೇನೆ, ಭವಿಷ್ಯತ್ತು. ಒಂದೇ ಕ್ರಿಯಾಪದ ಐದು ಲಕ್ಷಕ್ಕೂ ಹೆಚ್ಚು ರೂಪ ತಾಳಬಲ್ಲದೆಂದು ಲೆಕ್ಕ ಹಾಕಿ ಗೇಲಿ ಮಾಡಿದವರಿದ್ದರು. ಅಂಥ ಲೆಕ್ಕ ಕನ್ನಡಕ್ಕೂ ಹಾಕಬಹುದು, ಹಾಕಿಕೊಂಡು ಯಾರೂ ಮಾತಾಡುವುದಿಲ್ಲ ಅಷ್ಟೇ.

ನಿಜವಾದ ತೊಡಕು ಪದಗಳಲ್ಲಿತ್ತು. ಹೆಚ್ಚಿನವು ಇಂಗ್ಲಿಷ್ ಮೂಲದವು, ಆದರೆ ಗುರುತು ಸಿಗದಷ್ಟು ಕತ್ತರಿಸಿದವು. ಚೀನೀಯರಿಗೂ ಮಕ್ಕಳಿಗೂ ಮುದುಕರಿಗೂ ಕಷ್ಟವೆಂದು ರಕಾರವನ್ನು ಆದಷ್ಟೂ ದೂರವಿಟ್ಟರು. ಅಮೆರಿಕ ‘ಮೆಲೊಪ್’ ಆಯಿತು, ಗುಲಾಬಿ ‘ಲೊಲ್’ ಆಯಿತು. ಹಾಗೆಂದು ಜರ್ಮನ್ನರ ತುಟಿ ಸುತ್ತುವ ಸ್ವರಗಳನ್ನು ಬಿಡಲಿಲ್ಲ. ಚೀನೀಯರ ಮೇಲಿದ್ದ ಕರುಣೆ ಇಂಗ್ಲಿಷರ ಮೇಲಿರಲಿಲ್ಲ.

ವಾಡಿ ಜಂಕ್ಷನ್‌ನಿಂದ ನೋಡಿದರೆ

1874ರಲ್ಲಿ ಬರ್ನ್ ನಗರದಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ ಹುಟ್ಟಿತು. ಅದೇ ವರ್ಷ ನಿಜಾಮರ ರೈಲು ಹೈದರಾಬಾದ್ ಕಡೆಯಿಂದ ವಾಡಿಗೆ ಬಂದು ಮುಂಬಯಿ ಮಾರ್ಗವನ್ನು ಕೂಡಿಕೊಂಡಿತು. ಜಗತ್ತು ಹತ್ತಿರವಾಗುತ್ತಿದೆ, ಮಾತು ಮಾತ್ರ ಬೇರೆಬೇರೆ ಎಂಬ ಶ್ಲೈಯರ್ ಅವರ ತಳಮಳ ಈ ಕಾಲದ್ದೇ. ವಾಡಿ, ಶಹಾಬಾದಿನ ಜನ ಅದಕ್ಕೆ ಬೇರೆ ದಾರಿ ಕಂಡುಕೊಂಡರು. ಕಲ್ಲಿನ ಗಣಿ, ಆಮೇಲೆ ಸಿಮೆಂಟು ಕಾರ್ಖಾನೆಗಳ ಈ ಸೀಮೆಯಲ್ಲಿ ‘ಗಾಡಿ ಬರ್ಲಿಕತ್ತದ’ ಎಂದವರೇ ಪಕ್ಕದವರೊಡನೆ ದಖನಿ ಉರ್ದುವಿಗೆ ಹೊರಳುತ್ತಾರೆ; ಸೇಡಂ, ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ತೆಲುಗಿಗೆ, ತಾಂಡಾಗಳಲ್ಲಿ ಲಂಬಾಣಿಗೆ. ಸಂಪರ್ಕ ಭಾಷೆ ಈ ನೆಲಕ್ಕೆ ಹೊಸತೂ ಅಲ್ಲ: ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಪ್ರಾಕೃತ ಶಾಸನಗಳು ಸಿಕ್ಕಿವೆ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಒಂಬತ್ತನೇ ಶತಮಾನದಲ್ಲಿ ರೂಪುಗೊಂಡ ಕವಿರಾಜಮಾರ್ಗ ಕಾವ್ಯಕ್ಕೆ ನಿಯಮ ಹಾಕಲು ಹೊರಟದ್ದು ನಿಜ. ಆದರೂ ಸೀಮೆಸೀಮೆಗೆ ಕನ್ನಡ ಬೇರೆಯಾಗುವುದನ್ನು ಅದು ಕಾಣದೆ ಹೋಗಲಿಲ್ಲ.

ಶ್ಲೈಯರ್ ಪುಸ್ತಕ ಬಂದ ಎರಡೇ ವರ್ಷಕ್ಕೆ, 1882ರಲ್ಲಿ, ಮಂಗಳೂರಿನಲ್ಲಿ ಇನ್ನೊಬ್ಬ ಕ್ಯಾಥೊಲಿಕ್ ಪಾದ್ರಿ, ಇಟಲಿಯ ಜೆಸ್ಯುಟ್ ಆಂಜೆಲೊ ಮಾಫೆಯಿ, ಕೊಂಕಣಿ ವ್ಯಾಕರಣ ಪ್ರಕಟಿಸಿದರು. ಅಚ್ಚು ಹಾಕಿದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಪ್ರೆಸ್. ಮೀನು ಮಾರುವವರೂ ಮಾತಾಡುವ ಭಾಷೆಯ ನಿಯಮ ಹುಡುಕುವುದು ಸಹನೆಯ ಕೆಲಸ. ಅಲ್ಲಿ ಪಾದ್ರಿಯೇ ವಿದ್ಯಾರ್ಥಿ.

ಏರಿದ್ದು, ಮುರಿದಿದ್ದು

1889ರ ಹೊತ್ತಿಗೆ ವೋಲಾಪ್ಯೂಕ್‌ಗೆ 283 ಸಂಘಗಳು, 25 ಪತ್ರಿಕೆಗಳು, 25 ಭಾಷೆಗಳಲ್ಲಿ 316 ಪಠ್ಯಪುಸ್ತಕಗಳಿದ್ದವೆಂದು ಅನುಯಾಯಿಗಳ ಲೆಕ್ಕ. ಆ ವರ್ಷ ಅನುಯಾಯಿಗಳ ಪ್ಯಾರಿಸ್ ಸಮ್ಮೇಳನ ಇಡಿಯಾಗಿ ವೋಲಾಪ್ಯೂಕ್‌ನಲ್ಲೇ ನಡೆಯಿತು. ಹಿಂದಿನ ಎರಡು ಸಮ್ಮೇಳನಗಳು ಜರ್ಮನ್‌ನಲ್ಲಿ ನಡೆದಿದ್ದವು. ಭಾಷೆಯನ್ನು ನೋಡಿಕೊಳ್ಳುತ್ತಿದ್ದ ವೋಲಾಪ್ಯೂಕ್ ಅಕಾಡೆಮಿಯ ಮುಖ್ಯಸ್ಥ ಆಗಸ್ಟ್ ಕೆರ್ಕ್‌ಹಾಫ್ಸ್ ಗೂಢಲಿಪಿ ಶಾಸ್ತ್ರದಲ್ಲಿ ಇಂದಿಗೂ ಹೆಸರುಳಿದ ಡಚ್ಚರು. ಭಾಷೆಯನ್ನು ಸರಳಗೊಳಿಸೋಣ ಎಂದರು. ಕೊನೆಯ ಮಾತು ನನ್ನದೇ ಎಂದು ಶ್ಲೈಯರ್ ಪಟ್ಟು ಹಿಡಿದರು, ಆ ಅಕಾಡೆಮಿಯನ್ನು ಒಪ್ಪದೆ ತಮ್ಮದೇ ಬೇರೊಂದನ್ನು ಕಟ್ಟಿದರು. ಕೆರ್ಕ್‌ಹಾಫ್ಸ್ 1891ರಲ್ಲಿ ಹೊರನಡೆದರು.

ಅಷ್ಟರಲ್ಲಿ 1887ರಲ್ಲಿ ವಾರ್ಸಾದ ಕಣ್ಣಿನ ವೈದ್ಯ ಜಾಮೆನ್‌ಹಾಫ್ ಎಸ್ಪೆರಾಂಟೊ ಹೊರತಂದಿದ್ದರು. ಭಾಷೆಯ ಮೇಲೆ ನನಗೆ ಒಡೆತನವಿಲ್ಲ ಎಂದು ಅವರು ಮೊದಲೇ ಸಾರಿದ್ದರು. ನ್ಯೂರೆಂಬರ್ಗ್‌ನ ವೋಲಾಪ್ಯೂಕ್ ಸಂಘ ಸಂಘವೇ ಆ ಕಡೆ ಹೋಯಿತು. ಸೋಲಿನ ಮೂಲ ಇಲ್ಲಿದೆ ಎಂದು ನನ್ನ ಅಂದಾಜು. ಆಡುವವರು ಸಾವಿರಗಟ್ಟಲೆ ಆದ ಮೇಲೂ ಶ್ಲೈಯರ್ ಅದನ್ನು ಸ್ವಂತ ಆಸ್ತಿಯಂತೆ ಕಾಯುತ್ತಿದ್ದರು.

ಆಮೇಲೆ

ಆರೋಗ್ಯ ಕೆಟ್ಟು 1885ರಲ್ಲೇ ಸೇವೆ ಬಿಟ್ಟಿದ್ದ ಶ್ಲೈಯರ್ 1912ರ ಆಗಸ್ಟ್ 16ರಂದು ಕಾನ್‌ಸ್ಟನ್ಸ್‌ನಲ್ಲಿ ತೀರಿಕೊಂಡರು. ನೆದರ್ಲೆಂಡ್ಸ್‌ನ ಆರಿ ದ ಯೋಂಗ್ 1931ರಲ್ಲಿ ಭಾಷೆಯನ್ನು ಪರಿಷ್ಕರಿಸಿ ರಕಾರಕ್ಕೆ ಮತ್ತೆ ಜಾಗ ಕೊಟ್ಟರು. ಈಗ ಅದನ್ನು ಬಲ್ಲವರು ಬೆರಳೆಣಿಕೆಯಷ್ಟು. ಹಾಗಿದ್ದೂ 2007ರಲ್ಲಿ ವೋಲಾಪ್ಯೂಕ್ ವಿಕಿಪೀಡಿಯದ ಲೇಖನಗಳು ಒಂದು ಲಕ್ಷ ದಾಟಿದವು, ಬಹುಪಾಲು ತಂತ್ರಾಂಶವೊಂದು ತಾನಾಗಿ ಬರೆದವು. ಕೋಟಿಗಟ್ಟಲೆ ಜನರ ಕನ್ನಡ ವಿಕಿಪೀಡಿಯ ಆಗಿನ್ನೂ ಹತ್ತು ಸಾವಿರ ಮುಟ್ಟಿರಲಿಲ್ಲ.