ಕೋಳಿ ಏನು ತಿಂದಿತು?

ನಮ್ಮ ನಾನಿಮಾ ಕೋಳಿ ಕೊಯ್ಯಿಸುವ ಮೂರು ದಿನ ಮೊದಲೇ ಅದನ್ನು ಬುಟ್ಟಿಯಡಿ ಕವುಚಿ ಹಾಕಿ, ಅಕ್ಕಿನುಚ್ಚು ಮತ್ತು ನೀರು ಮಾತ್ರ ಕೊಡುತ್ತಿದ್ದರು. ತಿಪ್ಪೆ ಕೆದಕಿದ ಕೋಳಿಯ ಹೊಟ್ಟೆ ಶುದ್ಧವಾಗಲಿ ಎಂದು. ಹೊಲಸು ತಿಂದು ಬೆಳೆದ ಪ್ರಾಣಿಯನ್ನು ಫಿಕ್ಹ್ ಗ್ರಂಥಗಳು 'ಜಲ್ಲಾಲಾ' ಎನ್ನುತ್ತವೆ. ಅಂಥ ಕೋಳಿಯನ್ನು ಮೂರು ದಿನ ಕೂಡಿಹಾಕುವ ರೂಢಿ ಅಬ್ದುಲ್ಲಾ ಇಬ್ನ್ ಉಮರ್(ರ) ಅವರ ಕಾಲದ್ದು. ನಾನಿಮಾ ಗ್ರಂಥ ಓದಿದವರಲ್ಲ. ಆದರೆ ತಮ್ಮ ಕೋಳಿ ಏನು ತಿಂದಿತೆಂದು ಅವರಿಗೆ ಕಣ್ಣಾರೆ ಗೊತ್ತಿತ್ತು.

ಕೋಳಿ ಎಂದೂ ಸಸ್ಯಾಹಾರಿಯಲ್ಲ. ಹುಳು, ಗೆದ್ದಲು, ಮಿಡತೆ ಯಾವುದನ್ನೂ ಬಿಡದು. ಶೆಡ್ಡಿನೊಳಗೆ ಸೇರಿದ ಮೇಲೆ ಬಿಸಿಲೂ ತಪ್ಪಿತು, ಹುಳುವೂ ತಪ್ಪಿತು. ಬಿಸಿಲಿನ ಬದಲಿಗೆ ಅಮೆರಿಕದಲ್ಲಿ 1920ರ ದಶಕದಲ್ಲಿ ಕಾಡ್ ಮೀನಿನ ಎಣ್ಣೆ ಬಂತು. ಅದರಲ್ಲಿದ್ದ ಡಿ ವಿಟಮಿನ್‌ನಿಂದ ಒಳಗೇ ಬೆಳೆದ ಮರಿಗಳ ಕಾಲು ಸೊಟ್ಟಗಾಗುವುದು ನಿಂತಿತು. ಹುಳುವಿನ ಬದಲಿಗೆ ಬಂದದ್ದು ಕಸಾಯಿಖಾನೆಯ ಉಳಿಕೆ. ಮಾಂಸದ ಚೂರು, ಮೂಳೆಗಳನ್ನು ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ ಮಾಡಿದ ಪುಡಿ.

ಬರೀ ಜೋಳ, ಸೋಯಾ ತಿಂದ ಮರಿ ಸರಿಯಾಗಿ ಬೆಳೆಯುತ್ತಿರಲಿಲ್ಲ. ಜತೆಗೆ ಒಂದಿಷ್ಟು ಮಾಂಸದ ಅಥವಾ ಮೀನಿನ ಪುಡಿ ಬಿದ್ದರೆ ಬೆಳೆಯುತ್ತಿತ್ತು. ಆ ಕಾಣದ ಸತ್ವ ಯಾವುದೆಂಬುದು 1948ರಲ್ಲಿ ಬಿ-12 ವಿಟಮಿನ್ ಬೇರ್ಪಡಿಸಿದಾಗ ಬಯಲಾಯಿತು. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ತೊಟ್ಟಿಯಲ್ಲಿ ಹುದುಗಿಸಿ ಪಡೆಯಬಹುದು. ಅಲ್ಲಿಗೆ ಮಾಂಸದ ಪುಡಿಯ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಅದು ಅಗ್ಗವಾಗಿತ್ತು. ಇನ್ನೊಂದು ಎಡವಟ್ಟೂ ಆಯಿತು. ಅಗ್ಗದ ಬಿ-12 ಹುಡುಕುತ್ತಿದ್ದ ಲೆಡರ್ಲಿ ಕಂಪನಿಯ ಥಾಮಸ್ ಜ್ಯೂಕ್ಸ್ ಮತ್ತು ಸ್ಟೋಕ್‌ಸ್ಟಾಡ್, ಆರಿಯೋಮೈಸಿನ್ ಔಷಧಿ ತಯಾರಿಸಿ ಉಳಿದ ಗಸಿಯನ್ನು ಮರಿಗಳಿಗೆ ತಿನ್ನಿಸಿದರು. ಬಿ-12 ಒಂದರಿಂದಲೇ ಆಗದಷ್ಟು ಅವು ಬೆಳೆದವು! ಗಸಿಯಲ್ಲಿ ಉಳಿದಿದ್ದ ಔಷಧಿಯೇ ಕಾರಣ. 1950ರಲ್ಲಿ ಇದು ಪ್ರಕಟವಾಗುತ್ತಲೇ ಆಂಟಿಬಯಾಟಿಕ್ ಕೋಳಿಯ ದಿನದ ಊಟದೊಳಗೆ ನುಗ್ಗಿತು. ಯುರೋಪ್ ಒಕ್ಕೂಟ ಅದನ್ನು ಪೂರ್ತಿ ಹೊರಹಾಕಿದ್ದು 2006ರಲ್ಲಿ.

ಮೀನಿನ ಪುಡಿಯ ಕತೆ ಪೆರುವಿನದು. 1970ರಲ್ಲಿ ಅಲ್ಲಿನ ಆಂಚೊವೆಟಾ ಮೀನಿನ ಬೇಟೆ 1 ಕೋಟಿ 20 ಲಕ್ಷ ಟನ್ ಮುಟ್ಟಿತ್ತು. ಹೆಚ್ಚಿನದೆಲ್ಲ ಪುಡಿಯಾಗಿ ಕೋಳಿ, ಹಂದಿಗಳ ಮೇವಾಯಿತು. ಮಿತಿಮೀರಿದ ಬೇಟೆಯ ಜತೆ 1972ರ ಎಲ್ ನಿನೊ ಸೇರಿ, ಮರುವರ್ಷ ಬೇಟೆ 20 ಲಕ್ಷ ಟನ್ನಿನ ಆಸುಪಾಸಿಗೆ ಕುಸಿಯಿತು. ಸೋಯಾ ಬೆಲೆ ಗಗನಕ್ಕೇರಿ 1973ರ ಜೂನಿನಲ್ಲಿ ಅಮೆರಿಕ ಅದರ ರಫ್ತನ್ನೇ ತಡೆಯಿತು. ನಮ್ಮ ಉಳ್ಳಾಲದ ಕಡೆಯೂ ಇಂಥ ಕಾರ್ಖಾನೆಗಳಿವೆ. ಬಡವರ ಗಂಜಿಯ ಜತೆಗಿನ ಬೂತಾಯಿ ಅಲ್ಲಿ ಎಣ್ಣೆ, ಪುಡಿಗಳಾಗುತ್ತದೆ.

ಆಮೇಲೆ ಹುಚ್ಚು ದನದ ರೋಗ. 1986ರಲ್ಲಿ ಬ್ರಿಟನ್ನಿನಲ್ಲಿ ಪತ್ತೆ. ದನಕ್ಕೆ ದನದ್ದೇ ಪುಡಿ ತಿನ್ನಿಸಿದ ಫಲ. 2001ರಲ್ಲಿ ಯುರೋಪ್ ಒಕ್ಕೂಟ ಸಾಕುಪ್ರಾಣಿಗಳ ಮೇವಿನಲ್ಲಿ ಮಾಂಸದ ಪುಡಿಯನ್ನು ನಿಷೇಧಿಸಿತು. 2021ರಲ್ಲಿ ಬಾಗಿಲು ತುಸು ತೆರೆದು, ಕೋಳಿ ಮೇವಿಗೆ ಹಂದಿಯ ಪ್ರೋಟೀನ್ ಬೆರೆಸಲು ಒಪ್ಪಿತು. ಹಂದಿಗೆ ಕೋಳಿಯದು, ಕೋಳಿಗೆ ಹಂದಿಯದು! ತಿಂದದ್ದು ದೇಹದಲ್ಲಿ ರೂಪ ಬದಲಿಸಿತಲ್ಲ, ಮಾಂಸ ಹಲಾಲ್ ಎನ್ನುವ ಉಲೆಮಾಗಳಿದ್ದಾರೆ; ಜಲ್ಲಾಲಾದ ನಿಯಮ ನೆನಪಿಸುವವರೂ ಇದ್ದಾರೆ.

ಕಳೆದ ವಾರ ನಮ್ಮೂರ ಮೇವಿನ ಅಂಗಡಿಯಲ್ಲಿ ಮೂಟೆಯ ಮೇಲಿನ ಚೀಟಿ ಓದಿದೆ. ಪ್ರೋಟೀನ್ ಶೇಕಡಾ ಎಷ್ಟೆಂದು ಬರೆದಿತ್ತು. ಯಾವುದರದೆಂದು ಕೇಳಿದೆ. ಅಂಗಡಿಯವ ಮೂಟೆಯನ್ನು ತಿರುಗಿಸಿ ಹಿಂಬದಿ ನೋಡಿದ. "ಅದನ್ನೆಲ್ಲ ಬರೆದಿಲ್ಲ ಸಾಹೇಬ್ರೆ" ಎಂದ.