ಡಿಸ್ಕಿಲ್ಲದ ಯಂತ್ರದ ಮೊದಲ ಮಾತು

ಕಂಪ್ಯೂಟರ್ ಶುರುವಾಗುವುದಕ್ಕೆ ‘ಬೂಟ್’ ಅನ್ನುತ್ತೇವೆ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಎಳೆದು ಮೇಲೇಳುವ ಅಸಾಧ್ಯ ಸಾಹಸವನ್ನು ಹೇಳುವ ಇಂಗ್ಲಿಷ್ ಮಾತಿನಿಂದ ಹುಟ್ಟಿದ ಪದ ಅದು. ಆಪರೇಟಿಂಗ್ ಸಿಸ್ಟಂ ತನ್ನ ಡಿಸ್ಕಿನಲ್ಲೇ ಇರುವ ಯಂತ್ರಕ್ಕೆ ಈ ಹೆಸರು ಒಪ್ಪುತ್ತದೆ. ಡಿಸ್ಕಿಲ್ಲದ ಯಂತ್ರವನ್ನು ಮಾತ್ರ ಯಾರಾದರೂ ಕೈ ಹಿಡಿದು ಎಬ್ಬಿಸಬೇಕು.

1980ರ ದಶಕದಲ್ಲಿ ಡಿಸ್ಕು ದುಬಾರಿ. ಹಾಗಾಗಿ ಸನ್ ಕಂಪನಿ ಡಿಸ್ಕಿಲ್ಲದ ವರ್ಕ್‌ಸ್ಟೇಷನ್‌ಗಳನ್ನೂ ಮಾರುತ್ತಿತ್ತು. ಸ್ವಿಚ್ ಒತ್ತಿದಾಗ ಅಂಥ ಯಂತ್ರಕ್ಕೆ ಗೊತ್ತಿರುವುದು ತನ್ನ ನೆಟ್‌ವರ್ಕ್ ಕಾರ್ಡಿನ ಸಂಖ್ಯೆಯೊಂದೇ. ಆ ಸಂಖ್ಯೆಯನ್ನು ಇಡೀ ಜಾಲಕ್ಕೆ ಕೂಗಿ ಹೇಳಿ, ‘ನನ್ನ ವಿಳಾಸವೇನು?’ ಎಂದು ಕೇಳುವ ಕ್ರಮವನ್ನು 1984ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ರೂಪಿಸಿದರು. ಮರುವರ್ಷ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಬರೆದ ‘ಬೂಟ್‌ಪಿ’, ವಿಳಾಸದ ಜೊತೆಗೆ ಯಾವ ಸರ್ವರಿನಿಂದ ಯಾವ ಫೈಲು ತರಬೇಕೆಂದೂ ಹೇಳಿತು. ತರುವ ಕೆಲಸ ‘ಟಿಎಫ್‌ಟಿಪಿ’ಯದು: ಒಂದು ಸಲಕ್ಕೆ 512 ಬೈಟು, ಪ್ರತಿ ಕಂತಿಗೂ ಒಂದು ರಸೀದಿ. ಪಾಸ್‌ವರ್ಡಿನ ಗೊಡವೆಯಿಲ್ಲ. ಪುಟ್ಟ ಚಿಪ್ಪಿನೊಳಗೆ ಹಿಡಿಸಬೇಕಾದ್ದರಿಂದ ಅಷ್ಟು ಸರಳ. 1993ರಲ್ಲಿ ಬೂಟ್‌ಪಿ ಬೆಳೆದು ‘ಡಿಎಚ್‌ಸಿಪಿ’ ಆಯಿತು. ಇವೆರಡನ್ನೂ ಜೋಡಿಸಿ ಇಂಟೆಲ್ ರೂಪಿಸಿದ ‘ಪಿಎಕ್ಸ್‌ಇ’, ದಶಕ ಮುಗಿಯುವ ಹೊತ್ತಿಗೆ ಸಾಮಾನ್ಯ ಪಿಸಿಗಳಿಗೂ ಈ ವಿದ್ಯೆ ಕಲಿಸಿತು.

ಆಮೇಲೆ ಡಿಸ್ಕು ಅಗ್ಗವಾಯಿತು, ಆದರೂ ಪದ್ಧತಿ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2015ರಲ್ಲಿ ಸ್ಥಾಪಿಸಿದ ‘ಸಹಸ್ರಟಿ’ ಸೂಪರ್ ಕಂಪ್ಯೂಟರನ್ನು ನೋಡಿ. ಕ್ರೇ ಕಂಪನಿಯ ಈ ಯಂತ್ರದಲ್ಲಿ ಬರೀ ಸಿಪಿಯು ಇದ್ದ ಲೆಕ್ಕದ ನೋಡ್‌ಗಳೇ 1,376, ಅವುಗಳಲ್ಲಿ ಡಿಸ್ಕಿರಲಿಲ್ಲ. ಎಲ್ಲವೂ ಜಾಲದ ಮೂಲಕ ಬರುವ ಇಮೇಜಿನಿಂದಲೇ ಏಳುತ್ತಿದ್ದವು. ತಿದ್ದುಪಡಿಯನ್ನು ಇಮೇಜಿನಲ್ಲಿ ಒಮ್ಮೆ ಮಾಡಿ ಮತ್ತೆ ಬೂಟ್ ಮಾಡಿದರೆ ಸಾಕು. ಸಾವಿರ ನೋಡ್‌ಗಳಲ್ಲಿ ಒಂದು ಮಾತ್ರ ಹಳೆಯ ತಂತ್ರಾಂಶದಲ್ಲಿ ಉಳಿದು ಲೆಕ್ಕ ಕೆಡಿಸುವ ಭಯ ತಪ್ಪುತ್ತದೆ. ಉಳಿತಾಯಕ್ಕೆಂದು ಹುಟ್ಟಿದ್ದು ಈಗ ಏಕರೂಪತೆಗೆ ಬೇಕಾಗಿದೆ.

ಆದರೆ ಮೊದಲ ದಿನದ ದೌರ್ಬಲ್ಯವೂ ಜೊತೆಗೇ ಉಳಿಯಿತು. ಹೈದರಾಬಾದಿನ ನಾಂಪಲ್ಲಿ ನಿಲ್ದಾಣದಲ್ಲಿ ಹಳಿ ಮುಗಿಯುತ್ತದೆ. ಅಲ್ಲಿ ರಾತ್ರಿ ಇಳಿದು, ಬೀದಿ ಗೊತ್ತಿಲ್ಲದೆ, ‘ನಾನು ಎಲ್ಲಿಗೆ ಹೋಗಬೇಕು?’ ಎಂದು ಜನಜಂಗುಳಿಯನ್ನೇ ಕೂಗಿ ಕೇಳುವವನನ್ನು ಊಹಿಸಿ. ಮೊದಲು ಉತ್ತರ ಕೊಟ್ಟವನು ನೆಂಟನೋ ಠಕ್ಕನೋ ಅವನಿಗೆ ತಿಳಿಯದು. ಬೂಟ್ ಆಗುವ ಯಂತ್ರದ ಸ್ಥಿತಿಯೂ ಅದೇ. ಅದೇ ಜಾಲದಲ್ಲಿ ಕೂತ ಕಳ್ಳ ಸರ್ವರ್ ಮೊದಲು ಉತ್ತರಿಸಿ ತನ್ನ ಫೈಲು ಕೊಟ್ಟರೆ, ಯಾವ ರಕ್ಷಣಾ ತಂತ್ರಾಂಶವೂ ಕಣ್ಣು ಬಿಡುವ ಮೊದಲೇ ಯಂತ್ರ ಪರರ ವಶ. ಕೈ ಹಿಡಿದವನೇ ಕೈ ಕೊಡುವುದೆಂದರೆ ಇದು.

ಬಂದ ಫೈಲಿನ ಮೇಲೆ ನಂಬಬಹುದಾದ ಡಿಜಿಟಲ್ ಸಹಿ ಇದೆಯೇ ಎಂದು ನೋಡುವ ‘ಸೆಕ್ಯೂರ್ ಬೂಟ್’ ಪಿಸಿಗಳಿಗೆ ಬಂದದ್ದು 2010ರ ದಶಕದಲ್ಲಿ. ವಿಳಾಸ ಕೇಳುವ ಕೂಗು ಇವತ್ತಿಗೂ 1984ರ ಧಾಟಿಯಲ್ಲೇ ಇದೆ. ಬದಲಾದದ್ದು, ಸಿಕ್ಕಿದ್ದನ್ನು ನುಂಗುವ ಮೊದಲು ಪರೀಕ್ಷಿಸುವ ಅಭ್ಯಾಸ. ಆ ಪರೀಕ್ಷೆಯನ್ನು ರಗಳೆಯೆಂದು ಆರಿಸಿಟ್ಟ ಲ್ಯಾಬಿನಲ್ಲಿ ಅದೂ ಇಲ್ಲ.