ಗಾಡಿ ಸಿಕ್ಕಿಬಿದ್ದರೆ: ಒಳಗಿರಬೇಕೇ, ಇಳಿಯಬೇಕೇ?

ಉಡುಪಿಯ ಶಂಕರಪುರದವರು ಹಿಮ ಕಾಣಬೇಕಾದರೆ ಮನಾಲಿಗೆ ಹೋಗಬೇಕು. ಊರಲ್ಲಿ ಗಾಡಿ ಹೂತುಹೋಗುವುದು ಮಲ್ಲಿಗೆ ತೋಟದ ಪಕ್ಕದ ಕೆಸರಿನಲ್ಲಿ, ಕೆಟ್ಟು ನಿಲ್ಲುವುದು ನೆರೆಯಲ್ಲಿ ಇಲ್ಲವೇ ಘಾಟಿಯಲ್ಲಿ. ಜಾಗ ಬದಲಾದಂತೆ ಮಾಡಬೇಕಾದ್ದೂ ಬದಲಾಗುತ್ತದೆ.

ಕೆಸರು

ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಚಕ್ರದ ಮುಂದಿನ ಕೆಸರು ಬಗೆದು, ಗೋಣಿಯೋ ತೆಂಗಿನ ಮಡಲೋ ತುರುಕಿ, ಸ್ಟಿಯರಿಂಗ್ ನೇರವಿಟ್ಟು ಮೆಲ್ಲನೆ ತೆಗೆಯಬೇಕು. ತಳ್ಳುವವರು ತಿರುಗುವ ಚಕ್ರದ ನೇರಕ್ಕೆ ನಿಲ್ಲಬಾರದು, ಕಲ್ಲು ಸಿಡಿಯುತ್ತದೆ.

ನೆರೆ

2020ರ ಸೆಪ್ಟೆಂಬರ್ 20ರ ನೆರೆಯನ್ನು ಉಡುಪಿಯವರು ಮರೆತಿಲ್ಲ. ರಭಸದಿಂದ ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. ಎರಡಡಿಗೆ ದೊಡ್ಡ ಗಾಡಿಯೂ ನಿಲ್ಲುವುದು ಕಷ್ಟ. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಕೀ ತಿರುಗಿಸಬೇಡಿ. ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಒಳಗಿನ ರಾಡು ಬಾಗಿಹೋಗುತ್ತದೆ. ನೀರು ಏರುತ್ತಿದ್ದರೆ ಕರೆಂಟು ಕೈಕೊಡುವ ಮೊದಲೇ ಗಾಜಿಳಿಸಿ ಹೊರಬನ್ನಿ. ಗಾಜು ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಗಟ್ಟಿ ವಸ್ತುವಿನಿಂದ ಹೊಡೆಯಿರಿ. ಮುಂದಿನ ಗಾಜು ಒಡೆಯುವ ಶ್ರಮ ವ್ಯರ್ಥ. ಅದರ ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುತ್ತದೆ.

ಘಾಟಿ

ಆಗುಂಬೆಯ 14 ತಿರುವುಗಳಲ್ಲಿ ಗಾಡಿಗಳ ಸಾಲು ನಿಂತಾಗ ಎಲ್ಲರ ಕಣ್ಣು ಮುಂದಿನ ಗಾಡಿಯ ಮೇಲೆ. ನೋಡಬೇಕಾದ್ದು ಪಕ್ಕದ ಧರೆಯನ್ನು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದಾಗ ಹೆದ್ದಾರಿ ಬದಿಯ ಚಹಾದಂಗಡಿಯೂ ನಿಂತಿದ್ದ ಗಾಡಿಗಳೂ ಅದರ ಪಾಲಾದವು. ಸಣ್ಣ ಕಲ್ಲು ಉರುಳತೊಡಗಿದರೆ, ಮರ ವಾಲಿದರೆ, ಒಮ್ಮೆಲೇ ಕೆಂಪು ನೀರು ಇಳಿದರೆ ಗಾಡಿಯ ಆಸೆ ಬಿಟ್ಟು ಧರೆಯಿಂದ ದೂರ ಹೋಗಿ.

ಹಿಮ

ಇಲ್ಲಿ ಮಾತ್ರ ತದ್ವಿರುದ್ಧ: ಕಾರು ಬಿಟ್ಟು ನಡೆದವರು ದಾರಿ ತಪ್ಪುತ್ತಾರೆ, ಚಳಿಗೆ ಸಾಯುತ್ತಾರೆ. ಒಳಗಿರುವುದೇ ಕ್ಷೇಮ, ಸೈಲೆನ್ಸರ್ ತೆರೆದಿದ್ದರೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ಕಾರುಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಹಿಮದಿಂದ ಸೈಲೆನ್ಸರ್ ಮುಚ್ಚಿದರೆ ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳನುಗ್ಗುತ್ತದೆ. ಸೈಲೆನ್ಸರ್ ಸುತ್ತಲ ಹಿಮ ಆಗಾಗ ತೆಗೆದು, ಗಂಟೆಗೆ ಹತ್ತು ನಿಮಿಷವಷ್ಟೇ ಎಂಜಿನ್ ಓಡಿಸಿ, ಗಾಜು ಒಂದು ಬೆರಳಷ್ಟು ತೆರೆದಿಡಬೇಕು. ಮಳೆಗಾಲದಲ್ಲಿ ಗಾಜು ಮುಚ್ಚಿ ಏಸಿ ಹಾಕಿ ಕಾರಲ್ಲೇ ನಿದ್ದೆ ಹೊಡೆಯುವ ನಮ್ಮವರೂ ಇದನ್ನು ಕೇಳಿಸಿಕೊಳ್ಳಲಿ.

ಕರೆ ಯಾರಿಗೆ?

ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಘಾಟಿಯಲ್ಲಿ ಸಿಗ್ನಲ್ ನಂಬುವಂತಿಲ್ಲ. ಆಗುಂಬೆ ಹತ್ತುವ ಮೊದಲು ಬುಡದ ಸೋಮೇಶ್ವರದಲ್ಲೇ ನಿಂತು ಮನೆಗೊಂದು ಫೋನ್ ಮಾಡಿ.